ಒಳಬಾಗಿಲು ಅಗಲಿಸುವ ಮುನ್ನ

ನಮ್ಮ ಕಾಸರಗೋಡು ಸೀಮೆಯ ಹಳೆಯ ಮನೆಗಳಲ್ಲಿ ಒಳಬಾಗಿಲು ಎರಡೂವರೆ ಅಡಿ ಇದ್ದರೆ ಹೆಚ್ಚು. ಅಡಿಕೆ ಗೋಣಿ ಹೊತ್ತವನು ಓರೆಯಾಗಿ ನುಗ್ಗಬೇಕು. ನಡೆಯಲಾರದ ಹಿರಿಯರ ಗಾಲಿಕುರ್ಚಿಯಂತೂ ಸಲೀಸಾಗಿ ದಾಟದು. ಬಾಗಿಲನ್ನು ಅಗಲಿಸುವ ಆಸೆ ಸಹಜವೇ. ಆದರೆ ದಾರಂದ ಕೀಳುವ ಮೊದಲು ಅಟ್ಟ ಹತ್ತಿ ನೋಡಿರಿ.

ಮುಚ್ಚಿಗೆಯ ತೊಲೆಗಳ ತುದಿ ಆ ಗೋಡೆಯ ಮೇಲೆ ಕುಳಿತಿದ್ದರೆ, ಇಲ್ಲವೆ ಮಾಡಿನ ಕಂಬವೊಂದು ಅಲ್ಲಿ ಊರಿದ್ದರೆ, ಭಾರ ಹೊರುತ್ತಿರುವುದು ಆ ಗೋಡೆಯೇ ಎಂದು ತಿಳಿಯಿರಿ. ಮಂಗಳೂರು ಹಂಚಿನ ಮಾಡು ಚದರ ಮೀಟರಿಗೆ ೩೦ ಕಿಲೋಗೂ ಮಿಕ್ಕಿ ತೂಗುತ್ತದೆ. ಮಳೆನೀರು ಹೀರಿದರೆ ಇನ್ನೂ ಹೆಚ್ಚು.

ಮೊದಲು ಅಟ್ಟದ ಸಾಮಾನು ಇಳಿಸಿರಿ. ಗೋಡೆಯ ಎರಡೂ ಬದಿಗೆ, ಎರಡು ಮೊಳದೊಳಗೆ, ತೊಲೆಗಳ ಅಡಿಗೆ ಅಡ್ಡಮರ ಕೊಟ್ಟು ಕಂಬ ನಿಲ್ಲಿಸಿರಿ. ಕಂಬದ ಬುಡಕ್ಕೆ ದಪ್ಪ ಹಲಗೆ ಇಟ್ಟು, ಬೆಣೆ ಹೊಡೆದು ಬಿಗಿ ಮಾಡಿರಿ. ಆಮೇಲೆಯೇ ದಾರಂದಕ್ಕೆ ಕೈ ಹಾಕಬೇಕು.

ಇನ್ನು ಬಾಗಿಲ ಮೇಲಿನ ಅಡ್ಡಮರ. ಎರಡೂವರೆ ಅಡಿಯನ್ನು ಮೂರೂವರೆ ಮಾಡಿದರೆ ಅದನ್ನು ಬಗ್ಗಿಸುವ ಬಲ ಸುಮಾರು ಇಮ್ಮಡಿಯಾಗುತ್ತದೆ. ಹಳೆಯದು ೫ ಅಂಗುಲ ಎತ್ತರವಿದ್ದರೆ, ಅಷ್ಟೇ ದಪ್ಪದ ಹೊಸದು ೭ ಅಂಗುಲವಾದರೂ ಇರಲಿ. ಬಲಿತು ಚೆನ್ನಾಗಿ ಒಣಗಿದ ಹಲಸು ಒಳ್ಳೆಯದು. ಅದರ ಎರಡೂ ತುದಿಗಳು ಗೋಡೆಯೊಳಗೆ ೬ ಅಂಗುಲವಾದರೂ ಕೂರಬೇಕು. ಗಾರೆ ಗಟ್ಟಿಯಾಗಲು ಎರಡು ವಾರ ಬಿಟ್ಟು, ಆಧಾರದ ಕಂಬಗಳನ್ನು ಒಂದೊಂದಾಗಿ ಸಡಿಲಿಸಿರಿ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಹೊರಡಬೇಡಿರಿ. ಒರಲೆ ತಿಂದ ತೊಲೆ ಕಂಡರೆ ಮೊದಲು ಅದನ್ನು ಬದಲಿಸಿರಿ. ಅನುಭವಸ್ಥ ಆಚಾರಿಯನ್ನು ಕರೆದು ತೋರಿಸುವುದು ಲೇಸು. ಒಂದು ದಿನದ ಕೂಲಿ ಉಳಿಸಹೋಗಿ ಮಾಡನ್ನೇ ತಲೆಯ ಮೇಲೆ ಕೆಡವಿಕೊಳ್ಳಬಾರದು.