ಬಿಗಿಗಾಲಿಯ ಬೈಸಿಕಲ್ಲು: ಗುಣವೆಷ್ಟು, ದೋಷವೆಷ್ಟು?

ಅಂಗಳದಲ್ಲಿ ಮೂರು ಗಾಲಿಯ ಸೈಕಲ್ಲನ್ನೇರಿ ಸುತ್ತುವ ಮಗುವನ್ನು ವಾಚಕರೆಲ್ಲರೂ ಕಂಡಿರುತ್ತಾರೆ. ಅದರ ಪೆಡಲುಗಳು ಮುಂಗಾಲಿಯ ಅಚ್ಚಿಗೇ ಸೇರಿಕೊಂಡಿರುತ್ತವೆ. ಗಾಲಿ ತಿರುಗುವಷ್ಟು ಹೊತ್ತೂ ಪೆಡಲು ತಿರುಗಲೇಬೇಕು. ಹಿಂದಕ್ಕೆ ತುಳಿದರೆ ಗಾಡಿಯೂ ಹಿಂದಕ್ಕೆ ಸರಿಯುತ್ತದೆ. ಅದೇ ಮಗು ಬೆಳೆದು ಎರಡು ಗಾಲಿಯ ಸೈಕಲ್ಲನ್ನು ಕಲಿತಾಗ ಅದಕ್ಕೆ ದೊರೆಯುವ ದೊಡ್ಡ ಸುಖವೆಂದರೆ, ಇಳಿಜಾರಿನಲ್ಲಿ ಕಾಲುಗಳನ್ನು ಸುಮ್ಮನಿರಿಸಿ, ಹಿಂಗಾಲಿಯ ‘ಟಿಕ್ ಟಿಕ್’ ಸದ್ದನ್ನು ಕೇಳುತ್ತ ಜಾರಿಹೋಗುವುದು. ಈ ಸುಖವನ್ನು ಬೇಕೆಂದೇ ತೊರೆದು, ಗಾಲಿಯೊಡನೆ ಪೆಡಲೂ ಸದಾ ತಿರುಗುವಂತಹ ಸೈಕಲ್ಲನ್ನೇರಿ ದಿನವೂ ಕೆಲಸಕ್ಕೆ ಹೋಗಿಬರುವ ದೊಡ್ಡವರೂ ಉಂಟು. ನ್ಯೂಯಾರ್ಕ್ ನಗರದಲ್ಲಿ ಕಾಗದಪತ್ರಗಳನ್ನು ಹೊತ್ತು ತಲುಪಿಸುವ ಸವಾರರಲ್ಲಿ ಬಳಕೆಯಾಗಿದ್ದ ಈ ವಾಹನದ ಒಲವು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಲಂಡನ್, ಬರ್ಲಿನ್, ಸ್ಯಾನ್ ಫ್ರಾನ್ಸಿಸ್ಕೋ ಮುಂತಾದ ನಗರಗಳ ತರುಣರಿಗೂ ಹರಡಿತು. ಇದನ್ನು ‘ಫಿಕ್ಸೆಡ್ ಗೇರ್’ ಸೈಕಲ್ಲೆಂದು ಕರೆಯುವರು. ನಾವು ಬಿಗಿಗಾಲಿಯ ಸೈಕಲ್ಲು ಎನ್ನೋಣ.

ಇದಕ್ಕೂ ನಮ್ಮ ನಿತ್ಯದ ಸೈಕಲ್ಲಿಗೂ ಇರುವ ವ್ಯತ್ಯಾಸವು ಒಂದು ಸಣ್ಣ ಅಂಗದಲ್ಲಿ ಅಡಗಿದೆ. ಸಾಮಾನ್ಯ ಸೈಕಲ್ಲಿನ ಹಿಂಗಾಲಿಯಲ್ಲಿರುವ ಹಲ್ಲುಚಕ್ರವು ‘ಫ್ರೀವೀಲ್’ ಎಂಬ ಜೋಡಣೆಯ ಮೂಲಕ ಗಾಲಿಗೆ ಸೇರಿರುತ್ತದೆ. ಅದರೊಳಗೆ ಗರಗಸದಂತೆ ಓರೆಯಾದ ಹಲ್ಲುಗಳುಳ್ಳ ಒಂದು ಬಳೆ, ಸ್ಪ್ರಿಂಗಿನ ಒತ್ತಡದಿಂದ ಆ ಹಲ್ಲುಗಳಿಗೆ ತಾಗಿ ನಿಲ್ಲುವ ಉಕ್ಕಿನ ಸಣ್ಣ ನಾಲಗೆಗಳು, ಇಷ್ಟು ಇರುತ್ತವೆ. ಮುಂದಕ್ಕೆ ತುಳಿದಾಗ ನಾಲಗೆಗಳು ಹಲ್ಲಿಗೆ ಸಿಕ್ಕಿ ಗಾಲಿಯನ್ನು ಎಳೆಯುತ್ತವೆ. ತುಳಿಯುವುದನ್ನು ನಿಲ್ಲಿಸಿದಾಗ ಹಲ್ಲಿನ ಓರೆಯ ಮೇಲೆ ಜಾರಿಹೋಗುತ್ತವೆ. ನಾವು ಕೇಳುವ ‘ಟಿಕ್ ಟಿಕ್’ ಎಂಬುದು ಹೀಗೆ ಜಾರಿ ಬೀಳುವ ನಾಲಗೆಗಳ ಸದ್ದೇ. ಬಿಗಿಗಾಲಿಯಲ್ಲಿ ಈ ಜೋಡಣೆಯಿಲ್ಲ. ಹಲ್ಲುಚಕ್ರವನ್ನು ಗಾಲಿಯ ಗುಂಬದ ಮೇಲೆ ತಿರುಪಿನಿಂದ ಕೂರಿಸಿ, ಅದು ಸಡಿಲವಾಗದಂತೆ ಅದರ ಹೊರಗೆ ಎಡತಿರುಪಿನ ಮತ್ತೊಂದು ಬಳೆಯನ್ನು ಬಿಗಿಯುತ್ತಾರೆ. ಸವಾರನು ಪೆಡಲನ್ನು ಹಿಂದಕ್ಕೊತ್ತಿದಾಗ ಹಲ್ಲುಚಕ್ರವು ಬಿಚ್ಚಿಕೊಳ್ಳಲೆಳಸಿದರೂ, ಹೊರಗಿನ ಬಳೆಯ ತಿರುಪು ವಿರುದ್ಧ ದಿಕ್ಕಿನದಾದ್ದರಿಂದ ಅದು ಇನ್ನಷ್ಟು ಬಿಗಿಯಾಗಿ ಅದನ್ನು ತಡೆಯುತ್ತದೆ.

ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಬಿಗಿಗಾಲಿಯೇ ಹಿರಿಯದು. ಎತ್ತರದ ಮುಂಗಾಲಿಯುಳ್ಳ ಹಳೆಯ ಸೈಕಲ್ಲುಗಳಲ್ಲಿ ಪೆಡಲುಗಳು ನೇರವಾಗಿ ಆ ಗಾಲಿಗೇ ಸೇರಿದ್ದುವು. ೧೮೮೫ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬವನು ಸರಪಳಿಯಿಂದ ಹಿಂಗಾಲಿಯನ್ನು ನಡೆಸುವ ‘ರೋವರ್’ ಸೈಕಲ್ಲನ್ನು ನಿರ್ಮಿಸಿದಾಗಲೂ ಗಾಲಿ ಬಿಗಿಯಾಗಿಯೇ ಇತ್ತು. ಫ್ರೀವೀಲ್ ವ್ಯಾಪಕವಾಗಿ ಬಳಕೆಗೆ ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ. ಅದು ಬಂದ ಮೇಲೆ ಬೀದಿಯಲ್ಲಿ ಬಿಗಿಗಾಲಿ ಹಿಂದೆ ಸರಿದರೂ, ಸ್ಪರ್ಧೆಗಳ ಇಳಿಜಾರು ಅಂಗಣದಲ್ಲಿ ಇಂದಿಗೂ ಅದೇ ನಿಯಮ. ಜಪಾನಿನಲ್ಲಿ ೧೯೪೮ರಲ್ಲಿ ಆರಂಭವಾದ ‘ಕೇರಿನ್’ ಪಂದ್ಯದ ಸೈಕಲ್ಲುಗಳೂ ಇಂಥವೇ. ಅಂಗಣದ ಸೈಕಲ್ಲುಗಳಿಗೆ ಬ್ರೇಕೇ ಇರಕೂಡದು. ಎಲ್ಲರೂ ಒಂದೇ ದಿಕ್ಕಿಗೆ ಒತ್ತೊತ್ತಾಗಿ ಸಾಗುವಾಗ ಒಬ್ಬನು ಥಟ್ಟನೆ ಬ್ರೇಕು ಹಿಡಿದರೆ ಹಿಂದಿನವರೆಲ್ಲ ಅವನ ಮೇಲೆ ಬೀಳುವರಷ್ಟೆ. ಆದರೆ ಅಲ್ಲಿ ಅಡ್ಡಬರುವ ಪಾದಚಾರಿಯಿಲ್ಲ, ತಿರುಗುವ ಮೋಟಾರಿಲ್ಲ, ಕೆಂಪು ದೀಪವಿಲ್ಲ ಎಂಬುದನ್ನು ನಾವು ನೆನಪಿನಲ್ಲಿಡಬೇಕು.

ಈಗ ಗುಣಗಳನ್ನು ನೋಡೋಣ. ಮೊದಲನೆಯದು ಸರಳತೆ. ಗೇರು ಬದಲಿಸುವ ಸಲಕರಣೆಯಿಲ್ಲ, ಅದರ ತಂತಿಯಿಲ್ಲ, ಫ್ರೀವೀಲಿನ ಒಳಗಿನ ನಾಲಗೆ, ಸ್ಪ್ರಿಂಗುಗಳಿಲ್ಲ. ಇಂಗ್ಲೆಂಡಿನ ಚಳಿಗಾಲದಲ್ಲಿ ಮಳೆಯೂ ಕೆಸರೂ, ಹಿಮವನ್ನು ಕರಗಿಸಲು ರಸ್ತೆಗೆ ಎರಚಿದ ಉಪ್ಪೂ ಸೇರಿ ಸೈಕಲ್ಲಿನ ಸೂಕ್ಷ್ಮಭಾಗಗಳನ್ನು ತಿಂದುಹಾಕುತ್ತವೆ. ಆದುದರಿಂದಲೇ ಅಲ್ಲಿನ ಸೈಕಲ್ ಸಂಘಗಳ ಸವಾರರು ಚಳಿಗಾಲದ ಅಭ್ಯಾಸಕ್ಕೆ ಬಿಗಿಗಾಲಿಯನ್ನು ಬಳಸುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಹಲವು ಹಲ್ಲುಚಕ್ರಗಳಿಗೆ ಎಡೆಮಾಡಿಕೊಡಬೇಕಾದ ಅಗತ್ಯವಿಲ್ಲದ ಕಾರಣ ಹಿಂಗಾಲಿಯ ಕಡ್ಡಿಗಳನ್ನು ಎರಡು ಪಕ್ಕದಲ್ಲಿಯೂ ಸಮನಾಗಿ ಬಿಗಿಯಬಹುದು. ಅದರಿಂದ ಗಾಲಿ ಗಟ್ಟಿಯಾಗುತ್ತದೆ. ಸರಪಳಿ ನೇರವಾಗಿ ಓಡುವುದರಿಂದ ಘರ್ಷಣೆಯ ನಷ್ಟವೂ ಅಲ್ಪ. ಆದರೆ ಇದನ್ನು ಅತಿಯಾಗಿ ಹೊಗಳಬೇಕಾಗಿಲ್ಲ. ಶುಚಿಯಾಗಿ ಎಣ್ಣೆ ಹಾಕಿದ ಯಾವ ಸೈಕಲ್ ಸರಪಳಿಯೂ ತನಗೆ ಬಂದ ಶಕ್ತಿಯಲ್ಲಿ ಹೆಚ್ಚುಕಡಮೆ ನೂರಕ್ಕೆ ೯೮ ಪಾಲನ್ನು ಗಾಲಿಗೆ ಮುಟ್ಟಿಸಬಲ್ಲದು.

ಎರಡನೆಯ ಗುಣ ಅನುಭವಕ್ಕೆ ಸಂಬಂಧಿಸಿದುದು. ಗಾಲಿಯ ವೇಗವನ್ನು ಸವಾರನ ಕಾಲುಗಳು ಪ್ರತಿಕ್ಷಣವೂ ಬಲ್ಲವು. ದಟ್ಟಣೆಯಲ್ಲಿ ಪೆಡಲನ್ನು ತುಸು ತಡೆದರೆ ವೇಗ ತುಸುವೇ ತಗ್ಗುತ್ತದೆ. ಸದಾ ತುಳಿಯುತ್ತಿರಬೇಕಾದುದರಿಂದ ಕಾಲುಗಳಿಗೆ ದುಂಡಾಗಿ, ತಡೆಯಿಲ್ಲದೆ ತುಳಿಯುವ ಅಭ್ಯಾಸವೂ ಬರುತ್ತದೆ. ಪೆಡಲು ನೇರ ಮೇಲೆ ಅಥವಾ ನೇರ ಕೆಳಗೆ ಬಂದಾಗ ನಮ್ಮ ಒತ್ತು ವ್ಯರ್ಥವಾಗುವುದಷ್ಟೆ. ಬಿಗಿಗಾಲಿಯಲ್ಲಿ ಸೈಕಲ್ಲಿನ ಚಲನೆಯೇ ಕಾಲನ್ನು ಆ ಸ್ಥಾನದಿಂದ ದಾಟಿಸುತ್ತದೆ. ಇದರಿಂದ ಏರುವುದು ಸುಲಭವೆಂದು ಕೆಲವರು ನಂಬುವರು. ಆದರೆ ಕಾಲನ್ನು ದಾಟಿಸಿದ ಶಕ್ತಿಯು ಸೈಕಲ್ಲಿನ ಚಲನೆಯಿಂದಲೇ ಬಂದುದು, ಆ ಚಲನೆಯನ್ನು ಕೊಟ್ಟವನೂ ಸವಾರನೇ. ಶಕ್ತಿಯ ಲೆಕ್ಕದಲ್ಲಿ ಇಲ್ಲಿ ಲಾಭವಾವುದೂ ಇಲ್ಲ.

ಇನ್ನು ದೋಷಗಳಿಗೆ ಬರೋಣ. ಒಂದು ಉದಾಹರಣೆಯನ್ನು ಲೆಕ್ಕಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮುಂದಿನ ಹಲ್ಲುಚಕ್ರದಲ್ಲಿ ೪೮ ಹಲ್ಲು, ಹಿಂದಿನದರಲ್ಲಿ ೧೬ ಹಲ್ಲು ಇವೆಯೆನ್ನೋಣ. ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಗಾಲಿ ಮೂರು ಸುತ್ತು ಬರುತ್ತದೆ. ಗಾಲಿಯ ಪರಿಧಿ ೨.೧ ಮೀಟರಾದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ೬.೩ ಮೀಟರು ಸಾಗುತ್ತದೆ. ನಿಮಿಷಕ್ಕೆ ೬೦ ಸುತ್ತು ತುಳಿದರೆ ಗಂಟೆಗೆ ಸುಮಾರು ೨೩ ಕಿಲೋಮೀಟರು, ೮೦ ಸುತ್ತು ತುಳಿದರೆ ೩೦ ಕಿಲೋಮೀಟರು. ಸಮನೆಲದಲ್ಲಿ ಇದು ಒಳ್ಳೆಯ ನಡಿಗೆಯೇ. ಇಳಿಜಾರಿನಲ್ಲಿ ವೇಗವು ೪೫ ಕಿಲೋಮೀಟರಿಗೆ ಏರಿತೆನ್ನಿ. ಆಗ ಕಾಲುಗಳು ನಿಮಿಷಕ್ಕೆ ೧೧೯ ಸುತ್ತು ತಿರುಗಬೇಕು! ಅಲ್ಲಿ ಕಾಲು ಪೆಡಲನ್ನು ನಡೆಸುವುದಿಲ್ಲ, ಪೆಡಲೇ ಕಾಲನ್ನು ನಡೆಸುತ್ತದೆ.

ಏರಿನಲ್ಲಿ ಇದಕ್ಕೆ ವಿರುದ್ಧವಾದ ಕಷ್ಟ. ೨೦ ಮೀಟರಿಗೆ ಒಂದು ಮೀಟರು ಏರುವ ರಸ್ತೆಯಲ್ಲಿ, ಸವಾರನೂ ಸೈಕಲ್ಲೂ ಸೇರಿ ೮೫ ಕಿಲೋಗ್ರಾಂ ತೂಗುವಾಗ, ಗಂಟೆಗೆ ೧೦ ಕಿಲೋಮೀಟರು ವೇಗದಲ್ಲಿ ಮೇಲೇರಲು ಗುರುತ್ವವನ್ನೆದುರಿಸಿ ಸುಮಾರು ೧೧೬ ವಾಟ್ ಸಾಮರ್ಥ್ಯ ಬೇಕು. ಇದು ದೊಡ್ಡ ಮೊತ್ತವಲ್ಲ. ಆದರೆ ನಮ್ಮ ಉದಾಹರಣೆಯ ಬಿಗಿಗಾಲಿಯಲ್ಲಿ ಆಗ ಪೆಡಲು ನಿಮಿಷಕ್ಕೆ ೨೬ ಸುತ್ತು ಮಾತ್ರ ಬರುತ್ತದೆ. ಅಷ್ಟು ಕಡಮೆ ಸುತ್ತಿನಲ್ಲಿ ಅಷ್ಟೇ ಕೆಲಸ ನಡೆಯಬೇಕಾದರೆ ಸರಾಸರಿ ೨೫ ಕಿಲೋಗ್ರಾಂ ತೂಕಕ್ಕೆ ಸಮನಾದ ಬಲವನ್ನು ಎಡೆಬಿಡದೆ ಹಾಕಬೇಕಾಗುತ್ತದೆ. ಗೇರನ್ನು ತಗ್ಗಿಸಿ ನಿಮಿಷಕ್ಕೆ ೬೫ ಸುತ್ತು ತುಳಿಯುವವನಿಗೆ ೧೦ ಕಿಲೋಗ್ರಾಂ ತೂಕದಷ್ಟು ಬಲ ಸಾಕು. ಈ ವ್ಯತ್ಯಾಸವನ್ನು ದಿನದಿನವೂ ತೆರುವುದು ಮೊಣಕಾಲು. ಹೊಸಬರಿಗೆ ಬೇರೆ ತೊಡಕುಗಳೂ ಉಂಟು. ಮರೆತು ಕಾಲನ್ನು ನಿಲ್ಲಿಸಹೋದರೆ ಪೆಡಲು ಅವರನ್ನು ಆಸನದಿಂದ ಎತ್ತಿಬಿಡುತ್ತದೆ. ತಿರುವಿನಲ್ಲಿ ವಾಲಿದಾಗ ಕೆಳಗಿನ ಪೆಡಲು ನೆಲಕ್ಕೆ ತಗಲಬಹುದು. ಷರಾಯಿಯ ಅಂಚು ಸರಪಳಿಗೆ ಸಿಕ್ಕಿದರೆ ತುಳಿಯುವುದನ್ನು ಥಟ್ಟನೆ ನಿಲ್ಲಿಸುವಂತಿಲ್ಲ.

ಆದರೆ ಇವೆಲ್ಲವೂ ಸವಾರನಿಗೆ ಮಾತ್ರ ಸಂಬಂಧಿಸಿದ ಕಷ್ಟಗಳು. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ನಿಲುಗಡೆಯದು. ಪೆಡಲನ್ನು ಹಿಂದಕ್ಕೊತ್ತಿ ಗಾಲಿಯನ್ನು ತಡೆಯಬಹುದಾದುದರಿಂದ ತನಗೆ ಬ್ರೇಕು ಬೇಡವೆಂದು ವಾದಿಸುವ ಸವಾರರಿದ್ದಾರೆ. ಈ ವಾದವನ್ನು ಭೌತವಿಜ್ಞಾನದ ಒರೆಗಲ್ಲಿಗೆ ಹಚ್ಚಿ ನೋಡಬೇಕು.

ಸೈಕಲ್ಲಿನ ವೇಗ ತಗ್ಗುವಾಗ ಸವಾರನ ದೇಹ ಜಡತ್ವದಿಂದ ಮುಂದಕ್ಕೆ ಹೋಗಲೆಳಸುತ್ತದೆ. ಗುರುತ್ವಕೇಂದ್ರವು ನೆಲದಿಂದ ಒಂದು ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಭಾರವು ಹಿಂಗಾಲಿಯಿಂದ ಮುಂಗಾಲಿಗೆ ಸರಿಯುತ್ತದೆ. ಹಗುರವಾದ ಹಿಂಗಾಲಿಗೆ ನೆಲದ ಮೇಲೆ ಹಿಡಿತ ಸಾಲದು. ಆದಕಾರಣ ಒಣಗಿದ ಒಳ್ಳೆಯ ರಸ್ತೆಯಲ್ಲಿಯೂ ಹಿಂಗಾಲಿಯೊಂದರಿಂದಲೇ ಪಡೆಯಬಹುದಾದ ತಡೆಯು ಗುರುತ್ವ ವೇಗೋತ್ಕರ್ಷದ ಸುಮಾರು ಕಾಲು ಭಾಗವಷ್ಟೆ. ಮುಂಗಾಲಿಯ ಬ್ರೇಕಿನಿಂದ ಅದರ ಅರ್ಧದಷ್ಟು ತಡೆಯನ್ನು ಪಡೆಯಬಹುದು. ಅದನ್ನು ಮೀರಿದರೆ ಸವಾರನು ಹ್ಯಾಂಡಲಿನ ಮೇಲೆ ಪಲ್ಟಿಯಾಗುವನು. ಗಂಟೆಗೆ ೧೮ ಕಿಲೋಮೀಟರು ವೇಗದಲ್ಲಿ ಮುಂಬ್ರೇಕಿನಿಂದ ೨.೫ ಮೀಟರಿನಲ್ಲಿ ನಿಲ್ಲಬಹುದಾದರೆ, ಹಿಂಗಾಲಿಯೊಂದರಿಂದ ೫ ಮೀಟರು ಬೇಕು. ವೇಗವು ೩೬ ಕಿಲೋಮೀಟರಾದರೆ ಈ ದೂರಗಳು ನಾಲ್ಕು ಪಟ್ಟು ಹೆಚ್ಚಿ ೧೦ ಮೀಟರು, ೨೦ ಮೀಟರು ಆಗುತ್ತವೆ. ಅಪಾಯವನ್ನು ಕಂಡು ಮನಸ್ಸು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಸಾಗಿಹೋಗುವ ದೂರ ಇದಕ್ಕೆ ಸೇರುವುದು ಬೇರೆ.

ಇದೂ ಹಿಂಗಾಲಿಗೆ ಒಳ್ಳೆಯ ಬ್ರೇಕಿದ್ದಾಗಿನ ಮಾತು. ಕಾಲಿನ ಬಲ ಅಷ್ಟಕ್ಕೂ ಸಾಲದು. ನಮ್ಮ ಉದಾಹರಣೆಯ ಸೈಕಲ್ಲಿನಲ್ಲಿ ಪೆಡಲಿನ ಮೇಲೆ ಹಾಕಿದ ಬಲದ ಆರನೆಯ ಒಂದು ಪಾಲು ಮಾತ್ರ ನೆಲವನ್ನು ಮುಟ್ಟುತ್ತದೆ. ವೇಗವನ್ನು ಮೂರು ಪಟ್ಟು ಮಾಡಿಕೊಟ್ಟ ಹಲ್ಲುಚಕ್ರಗಳು ತಡೆಯುವ ಬಲವನ್ನು ಅದೇ ಪ್ರಮಾಣದಲ್ಲಿ ಕುಗ್ಗಿಸುತ್ತವೆ. ೭೫ ಕಿಲೋಗ್ರಾಂ ತೂಗುವ ಸವಾರನು ತನ್ನ ತೂಕವನ್ನೆಲ್ಲ ಒಂದು ಪೆಡಲಿನ ಮೇಲೆ ಹೇರಿದರೂ ಗಂಟೆಗೆ ೧೮ ಕಿಲೋಮೀಟರು ವೇಗದಿಂದ ನಿಲ್ಲಲು ಎಂಟು ಮೀಟರಿಗೂ ಹೆಚ್ಚು ದೂರ ಬೇಕಾಗುತ್ತದೆ. ಆದುದರಿಂದಲೇ ಪಳಗಿದವರು ಮೈಯನ್ನು ಮುಂದಕ್ಕೆ ಬಾಗಿಸಿ, ಹಿಂಗಾಲಿಯನ್ನು ಹಗುರಮಾಡಿ, ಪೆಡಲನ್ನು ಬಿಗಿಹಿಡಿದು ಗಾಲಿಯನ್ನು ಉಜ್ಜುತ್ತ ಜಾರಿಸುವರು. ನೋಡಲು ಇದು ಚೆಂದವೇ ಸರಿ. ಆದರೆ ಹಗುರಮಾಡಿದ ಗಾಲಿಯಿಂದ ದೊರೆಯುವ ಘರ್ಷಣೆಯೂ ಅಲ್ಪವೇ. ಇದರಲ್ಲಿ ಗಣಿತದ ಒಂದು ವಿನೋದವೂ ಅಡಗಿದೆ. ೪೮ಕ್ಕೆ ೧೬ ಎಂಬ ಪ್ರಮಾಣವನ್ನು ಸಂಕ್ಷೇಪಿಸಿದರೆ ೩ಕ್ಕೆ ೧. ಸವಾರನು ಪ್ರತಿಸಲವೂ ಒಂದೇ ಕಾಲನ್ನು ಮುಂದಿಟ್ಟು ಪೆಡಲನ್ನು ಬಿಗಿಹಿಡಿದರೆ ಟೈರಿನ ಒಂದೇ ಜಾಗ ನೆಲಕ್ಕೆ ಉಜ್ಜಿ ಬೇಗನೆ ಸವೆದುಹೋಗುತ್ತದೆ. ಮುಂದಿನ ಹಲ್ಲುಗಳು ೪೭ ಆದರೆ ಪ್ರಮಾಣವು ಸಂಕ್ಷೇಪವಾಗದು. ಸವೆತವು ೧೬ ಜಾಗಗಳಿಗೆ ಹಂಚಿಹೋಗುತ್ತದೆ. ಒಂದೇ ಹಲ್ಲಿನ ವ್ಯತ್ಯಾಸದಿಂದ ಟೈರಿನ ಆಯುಷ್ಯ ಬೆಳೆಯುವುದು ಸಂಖ್ಯಾಶಾಸ್ತ್ರದ ಕೃಪೆ!

ಟೈರನ್ನು ಗಣಿತ ಉಳಿಸಬಹುದು. ಎದುರಿಗೆ ಬಂದವರನ್ನು ಅದು ಉಳಿಸಲಾರದು. ೨೦೧೬ರ ಫೆಬ್ರವರಿಯಲ್ಲಿ ಲಂಡನ್ನಿನ ಓಲ್ಡ್ ಸ್ಟ್ರೀಟ್ ಎಂಬ ಬೀದಿಯಲ್ಲಿ, ಮುಂಬ್ರೇಕಿಲ್ಲದ ಬಿಗಿಗಾಲಿಯ ಸೈಕಲ್ಲೊಂದು ರಸ್ತೆ ದಾಟುತ್ತಿದ್ದ ಮಹಿಳೆಗೆ ಬಡಿಯಿತು. ತಲೆಗೆ ಬಿದ್ದ ಪೆಟ್ಟಿನಿಂದ ಆಕೆ ಕೆಲವು ದಿನಗಳಲ್ಲಿ ಮೃತರಾದರು. ಸವಾರನು ಇನ್ನೂ ಹದಿಹರೆಯದವನು. ೨೦೧೭ರಲ್ಲಿ ನಡೆದ ವಿಚಾರಣೆಯಲ್ಲಿ ನರಹತ್ಯೆಯ ಆಪಾದನೆಯಿಂದ ಅವನಿಗೆ ಬಿಡುಗಡೆಯಾಯಿತು. ಆದರೆ ಕುದುರೆಗಾಡಿಗಳ ಕಾಲದ, ೧೮೬೧ರ ಕಾನೂನೊಂದರ ಪ್ರಕಾರ, ಎಗ್ಗಿಲ್ಲದೆ ವಾಹನ ನಡೆಸಿ ಹಾನಿಮಾಡಿದ ಅಪರಾಧಕ್ಕಾಗಿ ೧೮ ತಿಂಗಳ ಶಿಕ್ಷೆಯಾಯಿತು. ಬ್ರಿಟನ್ನಿನಲ್ಲಿ ೧೯೮೩ರ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ರಸ್ತೆಯ ಸೈಕಲ್ಲಿಗೆ ಒಂದನ್ನೊಂದು ಅವಲಂಬಿಸದ ಎರಡು ತಡೆಗಳಿರಬೇಕು. ಬಿಗಿಗಾಲಿಯನ್ನು ಹಿಂದಿನ ತಡೆಯೆಂದು ಕಾನೂನು ಒಪ್ಪುತ್ತದೆ. ಆದರೆ ಮುಂಗಾಲಿಗೆ ಬ್ರೇಕು ಇದ್ದೇ ತೀರಬೇಕು. ಎರಡು ತಡೆಗಳೇಕೆಂದರೆ, ಸರಪಳಿ ಹರಿದರೆ ಅಥವಾ ಕಳಚಿದರೆ ಕಾಲಿಗೂ ಗಾಲಿಗೂ ಇರುವ ಸಂಬಂಧವೇ ತಪ್ಪಿಹೋಗುತ್ತದೆ. ಆಗ ಬ್ರೇಕಿಲ್ಲದ ಸವಾರನಿಗೆ ದೈವವೇ ಗತಿ.

ಹೀಗೆ ತೂಗಿ ನೋಡಿದಾಗ ತಕ್ಕಡಿಯ ಎರಡು ತಟ್ಟೆಗಳು ಒಂದೇ ಜಾತಿಯವಲ್ಲವೆಂಬುದು ತಿಳಿಯುತ್ತದೆ. ಸರಳತೆ, ಮಿತವ್ಯಯ, ಕಾಲಿಗೂ ಗಾಲಿಗೂ ಇರುವ ಸಲಿಗೆ, ಈ ಗುಣಗಳೆಲ್ಲವೂ ಸವಾರನಿಗೆ ಸೇರುತ್ತವೆ. ಮೊಣಕಾಲಿನ ನೋವನ್ನೂ ಬೆವರನ್ನೂ ಅವನೇ ಅನುಭವಿಸುವನಾದ್ದರಿಂದ ಅದು ಅವನ ಇಷ್ಟ. ಆದರೆ ನಿಲುಗಡೆಯಲ್ಲಿ ಹೆಚ್ಚಾದ ಮೂರು ನಾಲ್ಕು ಮೀಟರಿನ ಫಲವನ್ನು ಅನುಭವಿಸುವವರು ಯಾರೋ ದಾರಿಹೋಕರು. ಮುಂಗಾಲಿಗೆ ಒಂದು ಬ್ರೇಕನ್ನು ಜೋಡಿಸಿದರೆ ಬಿಗಿಗಾಲಿಯ ಒಂದು ಗುಣವೂ ಕುಂದುವುದಿಲ್ಲ, ಅತಿ ದೊಡ್ಡ ದೋಷವು ಮಾತ್ರ ಬಹಳಷ್ಟು ತಗ್ಗುತ್ತದೆ. ಸಮನೆಲದ ಊರಿನಲ್ಲಿ, ಮೊಣಕಾಲು ಗಟ್ಟಿಯಿರುವವನು ಹಾಗೆ ಮಾಡಿಕೊಂಡು ಅದನ್ನು ನಡೆಸಿದರೆ ಆಕ್ಷೇಪಣೆಗೆ ಎಡೆಯಿಲ್ಲ. ಗುಡ್ಡದೂರಿನವನಿಗೆ ಮಾತ್ರ ಫ್ರೀವೀಲೇ ಹಿತ. ಎರಡೂ ಬೇಕೆನ್ನುವವರಿಗೆ ಹಿಂಗಾಲಿಯ ಒಂದು ಪಕ್ಕದಲ್ಲಿ ಬಿಗಿ ಹಲ್ಲುಚಕ್ರವನ್ನೂ ಮತ್ತೊಂದು ಪಕ್ಕದಲ್ಲಿ ಫ್ರೀವೀಲನ್ನೂ ಕೂರಿಸಿದ ಗುಂಬಗಳು ದೊರೆಯುತ್ತವೆ. ಗಾಲಿಯನ್ನು ಬಿಚ್ಚಿ ತಿರುಗಿಸಿ ಹಾಕಿದರಾಯಿತು. ಯಾವ ಪಕ್ಕವನ್ನು ಹಾಕಿಕೊಂಡರೂ ಮುಂಬ್ರೇಕಿನ ಹಿಡಿಯೊಂದು ಕೈಗೆಟುಕುವಂತಿರಲಿ.