ಹಳೆಯ ಕಾರಿನ ಎಂಜಿನ್ನೂ ಬಯಲುಸೀಮೆಯ ಬಿಸಿಲೂ

ಪೆಟ್ರೋಲ್ ಎಂಜಿನ್ನು ಕೆಟ್ಟು ನಿಂತಾಗ ಅದರ ಭಾಗಗಳನ್ನು ಒಂದಾದ ಮೇಲೊಂದರಂತೆ ಬದಲಾಯಿಸುತ್ತ ಹೋಗುವವನು ಹಣವನ್ನು ವ್ಯಯಮಾಡುವನಲ್ಲದೆ ಯಂತ್ರವನ್ನು ಅರಿಯಲಾರನು. ಅದು ಏಕೆ ನಿಂತಿತೆಂಬುದನ್ನು ಮೊದಲು ವಿಚಾರಿಸಿ, ಕಾರಣ ಸ್ಪಷ್ಟವಾದ ಬಳಿಕವೇ ಸ್ಪ್ಯಾನರಿಗೆ ಕೈಹಾಕುವವನು ಮಾತ್ರ ಅರ್ಧಶತಮಾನ ದಾಟಿದ ಕಾರನ್ನೂ ಇಂದಿನ ರಸ್ತೆಯಲ್ಲಿ ನಿರಾತಂಕವಾಗಿ ನಡೆಸಬಲ್ಲನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಂತಹ ಬಿಸಿಲು ಸೀಮೆಯ ಊರುಗಳಲ್ಲಿ ಈ ಮಾತಿಗೆ ಇಮ್ಮಡಿ ಬೆಲೆಯುಂಟು. ಏಕೆಂದರೆ ಕಾರಿನೊಡನೆ ಬಂದ ಕೈಪಿಡಿಯನ್ನು ಬರೆದವರು ಬೇರೆ ಹವೆಯವರು. ಇಲ್ಲಿಯ ಧೂಳು, ಇಲ್ಲಿಯ ಬೋರ್‌ವೆಲ್ ನೀರು, ಇಲ್ಲಿಯ ಏಪ್ರಿಲ್ ತಿಂಗಳ ಧಗೆ ಅವರ ಲೆಕ್ಕದೊಳಗೆ ಬಂದಿರಲಿಲ್ಲ.

ಈ ಊರುಗಳನ್ನೊಳಗೊಂಡ ಆಗಿನ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮದರಾಸು ಪ್ರಾಂತವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದುದು 1953ರ ಅಕ್ಟೋಬರ್ 1ರಂದು. ಅದಾದ ನಾಲ್ಕು ವರ್ಷಕ್ಕೆ, 1957ರಲ್ಲಿ, ಬಂಗಾಳದ ಉತ್ತರಪಾಡದ ಕಾರ್ಖಾನೆಯಿಂದ ಅಂಬಾಸಿಡರ್ ಹೊರಬಂದಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ರೂಪುಗೊಂಡ ಈ ವಾಹನಕ್ಕೆ ಕೆಲವೇ ವರ್ಷಗಳಲ್ಲಿ 1489 ಸಿ.ಸಿ.ಯ ಎಂಜಿನ್ನು ದೊರೆಯಿತು. ಅತ್ತ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್ 1100 ಎಂಬ ಕಾರೇ ಕಾಲಕ್ರಮದಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. ಅದರದು 1089 ಸಿ.ಸಿ.ಯ ಎಂಜಿನ್ನು. ದಶಕಗಳ ಕಾಲ ಸರ್ಕಾರಿ ಕಚೇರಿಯ ಮುಂದೆಯೂ, ಶೇಂಗಾ ವ್ಯಾಪಾರಿಯ ಅಂಗಳದಲ್ಲಿಯೂ, ಮದುವೆಯ ದಿಬ್ಬಣದ ಮುಂಭಾಗದಲ್ಲಿಯೂ ನಿಂತು ಗೌರವ ಪಡೆದ ಕಾರುಗಳು ಇವೇ. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿಯದು ಅದಕ್ಕೂ ಬಹು ಮೊದಲೇ ನಿಂತಿತ್ತು. ಈಗ ಉಳಿದಿರುವ ಕಾರುಗಳ ಬಾಳು ಅವುಗಳನ್ನು ಅರಿತವರ ಕೈಯಲ್ಲಿದೆ.

ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ಸಾಧಿಸಿ ತೋರಿಸಿದ ನಾಲ್ಕು ಹೊಡೆತಗಳ ಕ್ರಮವೇ ಈ ಎಂಜಿನ್ನುಗಳ ಜೀವಾಳ. ಪಿಸ್ಟನ್ನು ಕೆಳಗಿಳಿಯುತ್ತ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆಯುವುದು, ಮೇಲೇರುತ್ತ ಅದನ್ನು ಅದುಮುವುದು, ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಅನಿಲ ಅದನ್ನು ಬಲವಾಗಿ ಕೆಳಕ್ಕೆ ನೂಕುವುದು, ಮರಳಿ ಮೇಲೇರುವಾಗ ಉರಿದ ಹೊಗೆಯನ್ನು ಹೊರದೂಡುವುದು: ಈ ನಾಲ್ಕರಲ್ಲಿ ಶಕ್ತಿಯನ್ನು ಕೊಡುವುದು ಒಂದೇ, ಉಳಿದ ಮೂರೂ ಅದರ ಸಿದ್ಧತೆಗೆ ಮತ್ತು ಶುದ್ಧಿಗೆ ಮೀಸಲು. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ಸಿಲಿಂಡರಿನಲ್ಲಿ ಸೆಕೆಂಡಿಗೆ 25 ಸಲ, ನಾಲ್ಕೂ ಸೇರಿ 100 ಸಲ ಕಿಡಿ ಹಾರಬೇಕು. ಅದೂ 1-3-4-2 ಎಂಬ ಕ್ರಮದಲ್ಲಿ, ಒಂದೂ ತಪ್ಪದಂತೆ. ತಕ್ಕ ಮಿಶ್ರಣ, ತಕ್ಕ ಒತ್ತಡ, ತಕ್ಕ ಕ್ಷಣಕ್ಕೆ ಕಿಡಿ, ಈ ಮೂರೂ ಇದ್ದ ಎಂಜಿನ್ನು ಓಡದೆ ಇರಲಾರದು. ಓಡದಿದ್ದರೆ ಮೂರರಲ್ಲಿ ಒಂದು ತಪ್ಪಿದೆಯೆಂದೇ ತಿಳಿಯತಕ್ಕದ್ದು.

ಕಿಡಿಯ ವಿಷಯವನ್ನು ಕೊಂಚ ಹತ್ತಿರದಿಂದ ನೋಡೋಣ. ನಮ್ಮ ಮೆಕ್ಯಾನಿಕ್ಕುಗಳು ಡೆಲ್ಕೋ ಎಂದು ಕರೆಯುವ ಡಿಸ್ಟ್ರಿಬ್ಯೂಟರಿನ ಕ್ಯಾಪು ತೆಗೆದರೆ ರೋಟರ್ ಕಾಣುತ್ತದೆ. ಅದನ್ನೂ ಎತ್ತಿದರೆ ಚಿಕ್ಕದೊಂದು ಜೋಡಿ ಪಾಯಿಂಟು. ಆ ಎರಡು ಲೋಹದ ಬಿಂದುಗಳು ಕೂಡಿದ್ದಾಗ ಕಾಯಿಲಿನಲ್ಲಿ ವಿದ್ಯುತ್ತು ಹರಿಯುತ್ತದೆ, ಅಗಲಿದ ಕ್ಷಣದಲ್ಲಿ ಆ ಹರಿವು ಕಡಿದು, ಹನ್ನೆರಡು ವೋಲ್ಟಿನ ಬ್ಯಾಟರಿಯಿಂದಲೇ ಸಾವಿರಾರು ವೋಲ್ಟಿನ ಕಿಡಿ ಹುಟ್ಟುತ್ತದೆ. ಪಾಯಿಂಟು ಪೂರ್ತಿ ತೆರೆದಿರುವಾಗ ಅದರ ಅಂತರ ಸುಮಾರು 0.4 ಮಿಲಿಮೀಟರ್ ಇರಬೇಕು. ಫೀಲರ್ ಗೇಜಿನ ಎಲೆ ಸಡಿಲವಾಗಿ ಜಾರದೆ, ಬಿಗಿಯಾಗಿ ಸಿಕ್ಕಿಕೊಳ್ಳದೆ, ಬೆರಳಿಗೆ ತುಸುವೇ ಎಳೆತ ತಿಳಿಯುವಂತೆ ಚಲಿಸಿದರೆ ಅಂತರ ಸರಿ. ಕ್ಯಾಮಿಗೆ ಉಜ್ಜುವ ಪಾಯಿಂಟಿನ ಫೈಬರ್ ಹಿಮ್ಮಡಿ ಓಡಿದಷ್ಟೂ ಸವೆಯುತ್ತದೆ. ಸವೆದಷ್ಟೂ ಅಂತರ ಕುಗ್ಗಿ, ಕಿಡಿ ತಡವಾಗಿ ಬರುತ್ತದೆ. ತಡವಾಗಿ ಹೊತ್ತಿದ ಅನಿಲವು ಪಿಸ್ಟನ್ನನ್ನು ನೂಕಲು ಸಾಲದೆ ತನ್ನ ಉರಿಯನ್ನು ಎಗ್ಝಾಸ್ಟ್ ವಾಲ್ವಿಗೂ ಸುತ್ತಲಿನ ನೀರಿಗೂ ಕೊಟ್ಟುಹೋಗುತ್ತದೆ. ಕಾರು ಎಳೆಯುವುದಿಲ್ಲ, ಬಿಸಿಯಾಗುತ್ತದೆ. ಯಜಮಾನನು ರೇಡಿಯೇಟರನ್ನು ಬಿಚ್ಚಿಸಿ ತೊಳೆಸುತ್ತಾನೆ, ವಾಟರ್ ಪಂಪನ್ನು ಬದಲಾಯಿಸುತ್ತಾನೆ, ಬಿಸಿ ಹಾಗೆಯೇ ಇರುತ್ತದೆ. ರೋಗ ಎದುರಿಗೆ ನೀರಿನಲ್ಲಿ ಕಂಡರೂ ಅದರ ಮೂಲ ಡೆಲ್ಕೋದೊಳಗೆ ಇರಬಹುದೆಂಬ ಈ ಅರಿವೇ ದುರಸ್ತಿಗೂ ವಿದ್ಯೆಗೂ ಇರುವ ವ್ಯತ್ಯಾಸ.

ಮಿಶ್ರಣದ ಗುಟ್ಟನ್ನು ಬಯಲುಮಾಡುವುದು ಪ್ಲಗ್ಗು. ವೈದ್ಯನು ರೋಗಿಯ ನಾಲಿಗೆಯನ್ನು ನೋಡುವಂತೆ ಬಲ್ಲ ಮೇಸ್ತ್ರಿಯು ಹತ್ತು ಮೈಲಿ ಓಡಿಸಿದ ಮೇಲೆ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಡುತ್ತಾನೆ. ತುದಿಯ ಪಿಂಗಾಣಿ ತಿಳಿಗಂದು ಬಣ್ಣಕ್ಕಿದ್ದರೆ ದಹನ ಸರಿಯಾಗಿದೆ. ಒಣ ಕಾಡಿಗೆಯಂತೆ ಕರಿ ಮೆತ್ತಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೆ ಚೋಕ್ ಪೂರ್ತಿ ತೆರೆದಿಲ್ಲ. ಎಣ್ಣೆಯ ಜಿಡ್ಡು ಹತ್ತಿದ್ದರೆ ರಿಂಗು ಅಥವಾ ವಾಲ್ವ್ ಗೈಡ್ ಸವೆದಿದೆ. ಬೆಳ್ಳಗೆ ಬೆಂದು ಗುಳ್ಳೆಯೆದ್ದಿದ್ದರೆ ಗಾಳಿ ಹೆಚ್ಚಾಗಿ ಎಂಜಿನ್ನು ಅಪಾಯದ ಬಿಸಿಯಲ್ಲಿ ನಡೆಯುತ್ತಿದೆ. ನಾಲ್ಕರಲ್ಲಿ ಒಂದು ಮಾತ್ರ ಬೇರೆ ಬಣ್ಣಕ್ಕಿದ್ದರೆ ದೋಷ ಮಿಶ್ರಣವನ್ನು ಕೂಡಿಸುವ ಕಾರ್ಬುರೇಟರಿನಲ್ಲಿಲ್ಲ, ಆ ಒಂದು ಸಿಲಿಂಡರಿನಲ್ಲಿಯೇ ಇದೆ. ಹೊಸ ಪ್ಲಗ್ಗು ಹಾಕುವ ಮೊದಲು ಹಳೆಯದನ್ನು ಓದದೆ ಎಸೆಯುವುದು ಯಂತ್ರವೇ ಬರೆದುಕೊಟ್ಟ ಪತ್ರವನ್ನು ಹರಿದುಹಾಕಿದ ಹಾಗೆಯೇ ಸರಿ.

ಇನ್ನು ಗಾಳಿ. ಒಂದು ಲೀಟರ್ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು ಒಂಬತ್ತು ಸಾವಿರ ಲೀಟರ್ ಗಾಳಿ ಬೇಕು. ಗುಡೇಕೋಟೆಯ ಕಡೆಯ ಮಣ್ಣುದಾರಿಯಲ್ಲೋ, ಬೇಸಿಗೆಯಲ್ಲಿ ಹಡಗಲಿಯ ಹೊಲಗಳ ಮಧ್ಯದಲ್ಲೋ ಓಡುವ ಕಾರು ಲೀಟರಿಗೊಮ್ಮೆ ಅಷ್ಟು ಧೂಳುಗಾಳಿಯನ್ನು ಉಸಿರಾಡುತ್ತದೆ. ಏರ್ ಕ್ಲೀನರನ್ನು ದಾಟಿದ ಸೂಕ್ಷ್ಮ ಮರಳು ಎಣ್ಣೆಯೊಡನೆ ಬೆರೆತು ಸಿಲಿಂಡರಿನ ಗೋಡೆಯನ್ನು ಮಸೆಯುತ್ತದೆ. ಆದುದರಿಂದ ಕೈಪಿಡಿಯು ಹೇಳಿದ ಅವಧಿಗಿಂತ ಮೊದಲೇ, ಅರ್ಧದಾರಿಯಲ್ಲೇ, ಏರ್ ಕ್ಲೀನರನ್ನು ಶುಚಿಮಾಡುವುದೂ ಎಂಜಿನ್ ಆಯಿಲನ್ನು ಬದಲಾಯಿಸುವುದೂ ಈ ಸೀಮೆಯಲ್ಲಿ ಅತಿಯೆನಿಸದು.

ನೀರಿನ ಸಂಗತಿ ಇನ್ನೂ ಗಂಭೀರವಾದುದು. ನಮ್ಮ ಕೊಳವೆಬಾವಿಗಳ ಗಡಸುನೀರು ಎಂಜಿನ್ನಿನ ಹೊಟ್ಟೆಯಲ್ಲಿ ಕಾದಂತೆಲ್ಲ ಸುಣ್ಣದ ಪದರವನ್ನು ಬಿಡುತ್ತದೆ. ಆ ಪದರವು ಉಷ್ಣವನ್ನು ಹೊರಗೆ ಬಿಡದೆ ಕಟ್ಟಿಹಾಕುತ್ತದೆ. ರೇಡಿಯೇಟರಿಗೆ ಡಿಸ್ಟಿಲ್ಡ್ ವಾಟರನ್ನೂ ತುಕ್ಕುನಿರೋಧಕ ಕೂಲಂಟನ್ನೂ ಹಾಕುವುದು ಶ್ರೇಯಸ್ಕರ. ಅದು ದೊರೆಯದಲ್ಲಿ ಶುದ್ಧವಾಗಿ ಹಿಡಿದಿಟ್ಟ ಮಳೆನೀರು ಬೋರ್‌ವೆಲ್ ನೀರಿಗಿಂತ ಎಷ್ಟೋ ಮೇಲು. ರೇಡಿಯೇಟರಿನ ಮುಚ್ಚಳವೂ ಕೇವಲ ಮುಚ್ಚಳವಲ್ಲ: ಅದು ಕಾಯ್ದಿಡುವ ಒತ್ತಡ ಚದರ ಅಂಗುಲಕ್ಕೆ ಒಂದು ಪೌಂಡ್ ಏರಿದರೆ ನೀರು ಕುದಿಯುವ ಬಿಂದು ಸುಮಾರು ಒಂದೂವರೆ ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಬಿಸಿಯಾದ ಎಂಜಿನ್ನಿನ ಮುಚ್ಚಳವನ್ನು ತೆರೆಯಕೂಡದೆಂಬ ನಿಯಮ ಇದೇ ಒತ್ತಡದಿಂದ ಬಂದದ್ದು. ಬಿಸಿಲು ಹೆಚ್ಚೆಂದು ಥರ್ಮೋಸ್ಟಾಟನ್ನು ಕಿತ್ತುಹಾಕುವ ರೂಢಿಯೂ ಉಂಟು. ಅದರಿಂದ ಬೆಳಗಿನ ಹೊತ್ತು ಎಂಜಿನ್ನು ಬೇಗ ಕಾಯದೆ ಸವೆತ ಹೆಚ್ಚುವುದಲ್ಲದೆ, ಸುಣ್ಣ ಕಟ್ಟಿದ ರೇಡಿಯೇಟರೇನೂ ಗುಣವಾಗದು. ಕೊಟ್ಟೂರಿನ ತೇರಿನ ದಿನ, ಮೈಲಾರದ ಕಾರ್ಣಿಕದ ದಿನ, ಜನಸಂದಣಿಯ ನಡುವೆ ಹೆಜ್ಜೆಯ ವೇಗದಲ್ಲಿ ಸಾಗುವಾಗ ಎಂಜಿನ್ನಿಗೇ ಬೆಲ್ಟಿನಿಂದ ಕಟ್ಟಿದ ಫ್ಯಾನೂ ನಿಧಾನವಾಗಿ ತಿರುಗುವುದರಿಂದ ಹಳೆಯ ಕಾರಿಗೆ ನಿಜವಾದ ಪರೀಕ್ಷೆ ಆಗಲೇ. ಅಂಥ ಸಂದರ್ಭದಲ್ಲಿ ಎಂಜಿನ್ನಿನ ಪೆಟ್ರೋಲ್ ಪಂಪಿನೊಳಗೆ ಇಂಧನವೇ ಆವಿಯಾಗಿ ಹರಿವು ನಿಂತರೆ ಗಾಬರಿಪಡಬೇಕಾದುದಿಲ್ಲ. ಬದಿಗೆ ನಿಲ್ಲಿಸಿ, ಬಾನೆಟ್ ತೆರೆದು, ಪಂಪಿನ ಮೇಲೆ ಒದ್ದೆಬಟ್ಟೆ ಹಾಕಿದರೆ ತುಸು ಹೊತ್ತಿಗೆ ಕಾರು ಮತ್ತೆ ಹೊರಡುತ್ತದೆ.

ಇಂಧನವೂ ಈಗ ಹಳೆಯದಲ್ಲ. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲೇ ಜಾರಿಗೆ ಬಂದಿತು. ಜನರ ಆರೋಗ್ಯಕ್ಕೆ ಅದು ಅವಶ್ಯವಾದ ಕ್ರಮವೇ ಸರಿ. ಆದರೆ ಎಗ್ಝಾಸ್ಟ್ ವಾಲ್ವಿನ ಸೀಟಿಗೆ ಸೀಸವು ಕೊಡುತ್ತಿದ್ದ ರಕ್ಷಣೆ ಹೋಯಿತು. ಮೆದು ಸೀಟು ಸವೆದು ವಾಲ್ವು ಒಳಗಿಳಿದಂತೆ ಟ್ಯಾಪೆಟ್ಟಿನ ಸಂದು ಮುಚ್ಚುತ್ತ ಬರುತ್ತದೆ. ಪದೇಪದೇ ಸಂದು ಕಡಿಮೆಯಾಗುತ್ತಿದ್ದರೆ ಹೆಡ್ಡನ್ನು ಇಳಿಸಿ, ಲೇತಿನ ಕೆಲಸ ಬಲ್ಲವರಿಂದ ಗಟ್ಟಿ ಸೀಟು ಕೂರಿಸುವುದೇ ಶಾಶ್ವತ ಪರಿಹಾರ. ಈಗ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆಯುತ್ತಿದೆ. ಹರಪನಹಳ್ಳಿ, ಹಡಗಲಿಯ ರೈತರು ಬೆಳೆಯುವ ಮೆಕ್ಕೆಜೋಳ ಮತ್ತು ಕಬ್ಬುಗಳೂ ಅದರ ಮೂಲದ್ರವ್ಯಗಳಾದುದರಿಂದ ಈ ಸೀಮೆಗೆ ಅದು ಬೇಡವಾದ ವಸ್ತುವೇನೂ ಅಲ್ಲ. ಹಳೆಯ ಕಾರಿನವನು ಮಾತ್ರ ಎಚ್ಚರವಾಗಿರಬೇಕು: ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನೂ ಪಂಪಿನ ಡಯಾಫ್ರಮನ್ನೂ ಉಬ್ಬಿಸಿ ಕೆಡಿಸುತ್ತದೆ, ಟ್ಯಾಂಕಿನ ತಳದ ಕೊಳೆಯನ್ನು ಕರಗಿಸಿ ಕಾರ್ಬುರೇಟರಿನ ಜೆಟ್ಟಿಗೆ ತರುತ್ತದೆ, ಮಿಶ್ರಣವನ್ನೂ ತೆಳುವಾಗಿಸುತ್ತದೆ. ಪೈಪುಗಳನ್ನು ಎಥನಾಲ್ ತಡೆಯುವ ಬಗೆಯವಕ್ಕೆ ಬದಲಾಯಿಸಿ, ಫಿಲ್ಟರ್ ಹಾಕಿಸಿ, ಪ್ಲಗ್ಗಿನ ಬಣ್ಣ ನೋಡಿ ಜೆಟ್ಟನ್ನು ಹೊಂದಿಸಿ, ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಕಾರ್ಬುರೇಟರನ್ನು ಬರಿದುಮಾಡಿಟ್ಟರೆ ಭಯಕ್ಕೆ ಕಾರಣವಿಲ್ಲ.

ಐವತ್ತು ವರ್ಷ ತುಂಬಿದ, ಮೂಲರೂಪದಲ್ಲಿ ಉಳಿದ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮವನ್ನು ಕೇಂದ್ರ ಸರ್ಕಾರವು 2021ರಲ್ಲಿಯೇ ತಂದಿದೆ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಆದರದಿಂದ ಕಾಪಾಡಿದ್ದಾರೆ. ಕಾರಿನ ಲೋಹವನ್ನು ಉಳಿಸುವುದು ಇಂಥ ಕ್ರಮಗಳಿಂದ ಸಾಧ್ಯವಾದೀತು, ಕೈಯ ವಿದ್ಯೆ ಹಾಗೆ ಉಳಿಯುವುದಿಲ್ಲ. ಎಂಜಿನ್ನಿನ ಸದ್ದು ಕೇಳಿಯೇ ಟ್ಯಾಪೆಟ್ಟೋ ಬೇರಿಂಗೋ ಎಂದು ಹೇಳಬಲ್ಲ ಹಿರಿಯ ಮೇಸ್ತ್ರಿಗಳು ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಅವರು ತಿಳಿದುದನ್ನು ಬರೆದಿಟ್ಟವರಿಲ್ಲ. ಹಳೆಯ ಕಾರು ಉಳ್ಳ ಮಹನೀಯರು ತಮ್ಮ ವಾಹನದ ದುರಸ್ತಿಗಳಿಗೆ ಒಂದು ಪುಸ್ತಕವಿಟ್ಟು, ಪ್ರತಿ ಸಲವೂ ಲಕ್ಷಣವೇನು, ಕಾರಣವೇನು, ಪರಿಹಾರವೇನು ಎಂದು ಮೇಸ್ತ್ರಿಯನ್ನು ಕೇಳಿ ಬರೆಯಲಿ, ನಮ್ಮ ಐ.ಟಿ.ಐ.ಗಳು ಒಂದು ಹಳೆಯ ಅಂಬಾಸಿಡರ್ ಎಂಜಿನ್ನನ್ನು ತಂದಿಟ್ಟು, ಈ ಹಿರಿಯರನ್ನು ಗೌರವದಿಂದ ಕರೆಸಿ, ವಿದ್ಯಾರ್ಥಿಗಳ ಎದುರಿಗೆ ಬಿಚ್ಚಿ ಜೋಡಿಸಲಿ. ಕಂಪ್ಯೂಟರಿನಿಂದ ನಡೆಯುವ ಇಂದಿನ ಎಂಜಿನ್ನನ್ನು ಕಲಿಯುವವನಿಗೂ ಕಿಡಿ, ಒತ್ತಡ, ಮಿಶ್ರಣಗಳ ಮೂಲಪಾಠವನ್ನು ಕಣ್ಣಾರೆ ತೋರಿಸಲು ಇದಕ್ಕಿಂತ ಉತ್ತಮ ಸಾಧನ ಮತ್ತೊಂದಿಲ್ಲ.