ಮಗು ವಾಂತಿ ಮಾಡಿಕೊಂಡಾಗ

ಆಷಾಢದ ಮಳೆ ಹಿಡಿದು, ಹಳ್ಳದ ಸಂಕ ಮುಳುಗಿ, ಪೇಟೆಯ ದಾರಿ ಕಟ್ಟಿದ ರಾತ್ರಿಯೇ ಮಗುವಿಗೆ ವಾಂತಿ ಶುರುವಾಗುತ್ತದೆ. ತೋಟದ ಮನೆಗಳಲ್ಲಿ ಮಕ್ಕಳನ್ನು ಸಾಕಿದ ನಮಗೆಲ್ಲ ಇದು ಗೊತ್ತಿದ್ದದ್ದೇ. ಡಾಕ್ಟರು ಸಿಗುವವರೆಗೆ ಏನು ಮಾಡಬೇಕು, ಯಾವಾಗ ಮಳೆಯನ್ನೂ ಲೆಕ್ಕಿಸದೆ ಹೊರಡಬೇಕು ಎಂಬುದನ್ನು ಸದಸ್ಯ ಬಂಧುಗಳು ಮೊದಲೇ ತಿಳಿದಿರುವುದು ಒಳ್ಳೆಯದು.

ಹಸುಗೂಸು ತೇಗಿನೊಡನೆ ಒಂದಿಷ್ಟು ಹಾಲು ಕಕ್ಕುವುದು ಕಾಯಿಲೆಯಲ್ಲ. ತೂಕ ಏರುತ್ತಿದ್ದು ಮಗು ಗೆಲುವಾಗಿದ್ದರೆ, ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿದರೆ ಸಾಕು. ಆದರೆ ಎರಡರಿಂದ ಎಂಟು ವಾರದ ಕೂಸು ಪ್ರತಿಸಲವೂ ದೂರಕ್ಕೆ ಚಿಮ್ಮುವಂತೆ ಕಾರಿ, ಮತ್ತೆ ಹಸಿದು ಅಳುತ್ತಿದ್ದರೆ ಜಠರದ ಕೆಳಬಾಯಿ ಬಿಗಿದಿರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ತಡಮಾಡಬಾರದು.

ನಡೆದಾಡುವ ಮಕ್ಕಳಲ್ಲಿ ಹೆಚ್ಚಿನ ವಾಂತಿ ಕರುಳಿನ ಸೋಂಕಿನದು, ಭೇದಿಯೂ ಸೇರಿಕೊಳ್ಳುತ್ತದೆ. ಇಲ್ಲಿ ಜೀವಕ್ಕೆ ಎರವಾಗುವುದು ಮೈಯ ನೀರು ಆರಿಹೋಗುವುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ, ಸಲೈನ್ ಸಾಲದೆ ಹೋದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಇಂದಿನ ಓ.ಆರ್.ಎಸ್. ಪೊಟ್ಟಣ ಅದೇ ಜಾತಿಯದು.

ದೊಡ್ಡ ಪೊಟ್ಟಣವನ್ನು ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಪೂರ್ತಿ ಸುರಿಯಬೇಕು, ಕಣ್ಣಂದಾಜು ಕೂಡದು. ವಾಂತಿಯಾದ ಮೇಲೆ 10 ನಿಮಿಷ ಬಿಟ್ಟು, 2-3 ನಿಮಿಷಕ್ಕೊಂದು ಚಮಚದಂತೆ ಕೊಡಬೇಕು. ಬಾಯಾರಿದೆಯೆಂದು ಲೋಟದಲ್ಲಿ ಗಟಗಟ ಕುಡಿಸಿದರೆ ಅಷ್ಟೂ ಹೊರಬರುತ್ತದೆ. ನಮ್ಮಲ್ಲಿ ಆಗುವ ತಪ್ಪು ಇದೇ. ಎದೆಹಾಲು ನಿಲ್ಲಿಸಬಾರದು. ಪೊಟ್ಟಣವಿಲ್ಲದಿದ್ದರೆ 1 ಲೀಟರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚವನ್ನು ಮಟ್ಟಸ ಮಾಡಿ ಅಳೆಯಬೇಕು. ಬಜೆ ತೇದು ನೆಕ್ಕಿಸುವುದು ಬೇಡ, ಅದೇ ವಾಂತಿ ಬರಿಸಬಲ್ಲದು. ದೃಷ್ಟಿ ತೆಗೆಯುವುದಕ್ಕೆ ನಮ್ಮ ಅಡ್ಡಿಯಿಲ್ಲ. ಅಜ್ಜಿ ದೃಷ್ಟಿ ತೆಗೆಯುವಷ್ಟರಲ್ಲಿ ಇನ್ನೊಬ್ಬರು ಚಮಚ ಹಿಡಿದಿರಲಿ.

ತೋಟದ ಮನೆಗಳಿಗೇ ಸೇರಿದ ಕಾರಣಗಳೂ ಉಂಟು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ದಿನಗಳಲ್ಲಿ ಮೈಲುತುತ್ತದ ಹರಳು ಮಗುವಿನ ಕಣ್ಣಿಗೆ ಕಲ್ಲುಸಕ್ಕರೆ. ಅದು ಹೊಟ್ಟೆಗೆ ಹೋದರೆ ವಾಂತಿ ನೀಲಿಹಸುರಾಗಿ ಬರಬಹುದು. ಸುಲಿಯುವ ಜಾಗದಲ್ಲಿ ಬಿದ್ದ ಹಸಿ ಅಡಿಕೆ ಅಗಿದರೂ ಸೊಕ್ಕಿ, ಬೆವರಿ, ಜೊಲ್ಲು ಸುರಿಸಿ ವಾಂತಿಯಾಗುತ್ತದೆ. ವಿಷ ನುಂಗಿದ ಸಂದೇಹವಿದ್ದರೆ ಗಂಟಲಿಗೆ ಬೆರಳು ಹಾಕಿಯಾಗಲಿ, ಉಪ್ಪುನೀರು ಕುಡಿಸಿಯಾಗಲಿ ವಾಂತಿ ಮಾಡಿಸಲೇಬಾರದು. ಡಬ್ಬಿಯನ್ನೋ ಚೀಲವನ್ನೋ ಜೊತೆಗಿಟ್ಟುಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಬೇಕು.

ವಿಷದ ಮಾತಿಲ್ಲದಿದ್ದರೂ ವಾಂತಿಯಲ್ಲಿ ಹಸುರು ಪಿತ್ತ ಅಥವಾ ರಕ್ತ ಕಂಡರೆ, 6-8 ಗಂಟೆ ಮೂತ್ರ ಹೋಗದಿದ್ದರೆ, ಕಣ್ಣು ಗುಳಿಬಿದ್ದು ಮಂಪರು ಹತ್ತಿದರೆ, ಹೊಟ್ಟೆ ಉಬ್ಬಿ ಬಿಗಿದಿದ್ದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿಯಾದರೆ ಬೆಳಗಾಗಲೆಂದು ಕಾಯಬಾರದು. 108ಕ್ಕೆ ಫೋನು ಮಾಡಿ. ವ್ಯಾನು ಬರಲಾರದ ಕಡೆ ನೆರೆಯವರ ಜೀಪು ಎಬ್ಬಿಸಿ.

ರೋಟಾ ವೈರಸ್ಸಿನ ಭೇದಿ-ವಾಂತಿಗೆ ತಡೆಲಸಿಕೆಯನ್ನು 6, 10, 14ನೆಯ ವಾರಗಳಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಬಾಯಿಗೆ ಹಾಕುತ್ತಾರೆ. ಕೂಲಿ ಲೈನಿನ ಕೂಸುಗಳಿಗೂ ಹಾಕಿಸುವುದು ಮಾಲೀಕರ ಗಮನದಲ್ಲಿರಲಿ. ಮಳೆಗೆ ಮುಂಚೆ ಮೈಲುತುತ್ತ ತರಲು ಪೇಟೆಗೆ ಹೋದವರು ನಾಲ್ಕು ಓ.ಆರ್.ಎಸ್. ಪೊಟ್ಟಣವನ್ನೂ ತರಲಿ, ಎರಡನ್ನು ಬೇರೆ ಬೇರೆ ಚೀಲದಲ್ಲಿ, ಬೇರೆ ಬೇರೆ ಕಪಾಟಿನಲ್ಲಿ ಇಡಲಿ.